ಪರದೆಯ ಮನೆ, ಅರಗಿನ ಒಲೆ

ಕೊರಿಯಾದ ಕ್ರಾಫ್ಟನ್ ಕಂಪನಿ 2025ರ ಮಾರ್ಚ್‌ನಲ್ಲಿ ಹೊರತಂದ 'ಇನ್‌ಝೋಯ್' ಎಂಬ ವಿಡಿಯೊ ಗೇಮ್ ಶುರುಮಾಡಿ ವಾರವಾಯಿತು. 2000ದಲ್ಲಿ ಬಂದ 'ದಿ ಸಿಮ್ಸ್' ಹಾಕಿದ ದಾರಿಯಲ್ಲೇ ಸಾಗುವ, ಬದುಕನ್ನೇ ಆಟವಾಗಿಸಿದ ಆಟವಿದು. ಇಲ್ಲಿನ ಮನುಷ್ಯರಿಗೆ 'ಝೋಯ್' ಎಂದು ಹೆಸರು. ಮುಖ, ಸ್ವಭಾವ, ಬಟ್ಟೆ ಆರಿಸಿ, ಸಿಯೋಲ್ ಹೋಲುವ ದೋವೊನ್ ನಗರದಲ್ಲಿ ಒಬ್ಬಳಿಗೆ ಮನೆ ಮಾಡಿಕೊಟ್ಟೆ.

ಕೂದಲಿನ ಎಳೆ, ಕಿಟಕಿಯ ಬೆಳಕು ನೋಡಿ ಬೆರಗಾದೆ. ಅವಳಿಗೆ ಫೋನಿನಲ್ಲೇ ಕೆಲಸವೂ ಸಿಕ್ಕಿತು. ಪಿಎಚ್‌ಡಿಯ ಐದನೇ ವರ್ಷದಲ್ಲಿರುವ ನನಗೆ ಸಣ್ಣ ಹೊಟ್ಟೆಕಿಚ್ಚು.

ಆಟದಲ್ಲೊಂದು 3ಡಿ ಪ್ರಿಂಟರ್ ಇದೆ. ಫೋಟೊ ಕೊಟ್ಟರೆ ವಸ್ತುವಾಗುತ್ತದೆ. ಅಪ್ಪ ಮಾಡಿದ್ದ ಆಟದ ಒಲೆಯ ಫೋಟೊ ಕೊಟ್ಟೆ. ಚನ್ನಪಟ್ಟಣದಲ್ಲಿ ಅಂಥದ್ದಕ್ಕೆ ಆಲೆಮರ ಒಣಗಬೇಕು, ಲೇತ್‌ನಲ್ಲಿ ತಿರುಗಬೇಕು, ಆ ಬಿಸಿಗೆ ಅರಗು ಕರಗಿ ಬಣ್ಣ ಹತ್ತಬೇಕು, ತಾಳೆಗರಿ ಒತ್ತಿ ಹೊಳಪು ತರಬೇಕು. ಪರದೆಯಲ್ಲಿ ಅಷ್ಟರಲ್ಲೇ ಒಲೆ ಬಂತು. ಬೆನ್ನುನೋವಿಗೆ ಲೇತ್ ಬಿಟ್ಟ ಅಪ್ಪ ಬಗ್ಗಿ ನೋಡಿ, "ಗರಿ ಒತ್ತಿಲ್ಲ ಕಣಮ್ಮ" ಅಂದರು.

ಅದು ಬರೀ ಅಲಂಕಾರಕ್ಕೆ. ಅದರ ಮೇಲೆ ಝೋಯ್ ಅಡುಗೆ ಮಾಡಲಾರಳು. ಮರದ ಒಲೆಯೂ ಉರಿಯುತ್ತಿರಲಿಲ್ಲ ನಿಜ. ಆದರೆ ಅದರ ಮೇಲೆ ನಾನೂ ತಂಗಿಯೂ ಮಣ್ಣಿನ ಅನ್ನ, ಎಲೆಯ ಸಾರು ಮಾಡಿ ಬಡಿಸಿದರೆ, ಅಜ್ಜಿ ಚಪ್ಪರಿಸಿ "ಉಪ್ಪು ಕಮ್ಮಿ" ಅನ್ನುತ್ತಿದ್ದಳು. ಇಲ್ಲಿ ಅನ್ನದ ಹಬೆಯೂ ಕಾಣುತ್ತದೆ, ಉಣ್ಣುವವಳೂ ಇದ್ದಾಳೆ. ನಾನು ಊಹಿಸಿ ತುಂಬಬೇಕಾದದ್ದು ಮಾತ್ರ ಏನೂ ಉಳಿದಿಲ್ಲ.

ಆದರೂ ಆಟ ಬಿಟ್ಟಿಲ್ಲ. ಆ ಒಲೆ ಈಗ ದೋವೊನ್‌ನ ಮನೆಯ ಕಪಾಟಿನ ಮೇಲಿದೆ.