ಹೊಸ ಊರಿನ ಹಾಜರಿ ಪುಸ್ತಕ

ಊರು ಬದಲಿಸಿದವರಿಗೆ ಹಾಲು ಎಲ್ಲಿ ಸಿಗುತ್ತದೆ, ಗ್ಯಾಸ್ ಯಾವ ಏಜೆನ್ಸಿಯದು, ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆ ಎನ್ನುವುದೆಲ್ಲ ಎರಡು ದಿನದಲ್ಲಿ ಗೊತ್ತಾಗುತ್ತದೆ. ಮಗುವಿನ ಶಾಲೆ ಹಾಗಲ್ಲ. ಕೇಳಿದವರೆಲ್ಲ ಒಂದೊಂದು ಹೆಸರು ಹೇಳುತ್ತಾರೆ, ಹೇಳಿದ ಹೆಸರಿಗೆಲ್ಲ ಇನ್ನೊಬ್ಬರು ತಲೆಯಲ್ಲಾಡಿಸುತ್ತಾರೆ. ಅಷ್ಟರಲ್ಲಿ ಜೂನ್ ಬಂದಿರುತ್ತದೆ. ಹಳೆಯ ಶಾಲೆಯ ಹಾಜರಿ ಪುಸ್ತಕದಿಂದ ಹೆಸರು ಹೋಗಿದೆ, ಹೊಸ ಶಾಲೆಯ ಪುಸ್ತಕಕ್ಕೆ ಇನ್ನೂ ಬಂದಿಲ್ಲ. ಬಾಗಿಲಲ್ಲಿ ನಿಂತು ಓಣಿಯ ಮಕ್ಕಳು ಚೀಲ ಹೊತ್ತು ಹೋಗುವುದನ್ನು ನೋಡುವ ಮಗುವಿನ ಆ ದಿನಗಳು ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು ಎನ್ನುವುದೇ ನಾನು ಹೇಳಬೇಕಾದ ಮಾತು.

ನಾವು ಹಾವೇರಿಯವರು. ನಮ್ಮನೆಯವರಿಗೆ ಚಾಮರಾಜನಗರಕ್ಕೆ ವರ್ಗವಾದಾಗ ಮಗಳು ಒಂದನೇ ತರಗತಿ ಮುಗಿಸಿದ್ದಳು. ರಾಜ್ಯದ ಈ ತೆಂಕಣ ತುದಿ 1997ರವರೆಗೂ ಮೈಸೂರು ಜಿಲ್ಲೆಯಲ್ಲೇ ಇತ್ತು. ಒಂದು ಕಡೆ ತಮಿಳುನಾಡು, ಇನ್ನೊಂದು ಕಡೆ ಕೇರಳ. ಅರಿಶಿನದ ಹೊಲ, ಕರಿಕಲ್ಲಿನ ಕ್ವಾರಿ, ಸ್ವಲ್ಪ ದೂರ ಹೋದರೆ ಕಾಡು. ನಮಗೆ ಮನೆ ಸಿಕ್ಕಿದ್ದು ಚಾಮರಾಜೇಶ್ವರ ದೇವಸ್ಥಾನಕ್ಕೆ ನಡೆದುಹೋಗುವಷ್ಟು ದೂರದಲ್ಲಿ. ಅರಿಕುಠಾರವೆಂಬ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆಯ ಹೆಸರಿಟ್ಟು, ತಂದೆ ಹುಟ್ಟಿದ ನೆಲವೆಂದು ಕಟ್ಟಿಸಿದ ಗುಡಿ ಅದು.

ಮೊದಲು ಹೋದದ್ದು ಒಂದು ಖಾಸಗಿ ಶಾಲೆಗೆ. ಮಗಳನ್ನು ಒಳಗೆ ಕರೆದು ಕೂರಿಸಿ ಇಂಗ್ಲಿಷ್ ಪದಗಳನ್ನು ಬರೆಸಿದರು, ಓದಿಸಿದರು. ಹೊರಗೆ ಬಂದಾಗ ಅವಳ ಮುಖ ಸಣ್ಣದಾಗಿತ್ತು. "ಎರಡಕ್ಕೆ ಕಷ್ಟ ಆಗುತ್ತೆ, ಇನ್ನೊಂದು ವರ್ಷ ಒಂದರಲ್ಲೇ ಕೂರಿಸಿ" ಎಂದರು. ಆರು ದಾಟಿದ ಮಗುವಿಗೆ ಹೊಸ ಊರಿನಲ್ಲಿ ಸಿಕ್ಕ ಮೊದಲ ಮಾತು, ನೀನು ಸಾಲದು ಎನ್ನುವುದು. ಈ ಸಂಕಟವನ್ನು ನಾನು ಇವತ್ತಿಗೂ ಸಣ್ಣದೆಂದು ತಿಳಿದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಇಂಥ ಪರೀಕ್ಷೆಯನ್ನು ನೇರವಾಗಿ ಬೇಡವೆಂದಿದೆ. ಸೇರಿಸಿಕೊಳ್ಳುವಾಗ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಪರೀಕ್ಷೆಗೆ ಒಡ್ಡುವಂತಿಲ್ಲ. ಒಡ್ಡಿದರೆ ಮೊದಲ ಸಲ 25,000 ರೂಪಾಯಿವರೆಗೆ, ಆಮೇಲೆ ಪ್ರತಿ ಸಲ 50,000 ರೂಪಾಯಿವರೆಗೆ ದಂಡ. ಕಾಯ್ದೆಯ 13ನೇ ಕಲಮು ಇದು. ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಇಷ್ಟು ವರ್ಷವಾದರೂ ಬೆಂಚಿನ ಮೇಲೆ ಕೂತು ಕಾಯುವ ಅಪ್ಪ ಅಮ್ಮಂದಿರಲ್ಲಿ ಬಹಳ ಜನಕ್ಕೆ ಅದು ಗೊತ್ತಿಲ್ಲ.

ಮನೆ ಮಾಲೀಕರ ತಾಯಿ ಜಗಲಿಯಲ್ಲಿ ಕೂತು ನಮ್ಮ ಓಡಾಟ ನೋಡುತ್ತಿದ್ದರು. ಒಂದು ಸಂಜೆ ಕರೆದರು. "ಯಾಕವ್ವ ಬಿಸಿಲಲ್ಲಿ ಮಗೀನ ಕಟ್ಕಂಡು ಅಲೀತಿದ್ದೀಯ? ಇಲ್ಲೇ ಮೂಲೇಲಿ ಇಸ್ಕೂಲ್ ಅದ. ನನ್ ಮಕ್ಕಳೆಲ್ಲ ಅಲ್ಲೇ ಓದಿದ್ದು." ಮೂಲೆಯಲ್ಲಿದ್ದದ್ದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದನೇ ತರಗತಿಯ ಮಗುವಿಗೆ ಒಂದು ಕಿಲೋಮೀಟರಿನೊಳಗೆ ಶಾಲೆ ಇರಬೇಕೆಂದು ನಮ್ಮ ರಾಜ್ಯದ ನಿಯಮ ಹೇಳುತ್ತದೆ. ಅಜ್ಜಿಗೆ ನಿಯಮ ಬೇಕಿರಲಿಲ್ಲ. ಜಗಲಿಯಿಂದ ಕಾಣುವುದೇ ಅವರ ಅಳತೆ. ಆ ಅಳತೆ ಸರಿಯಾಗಿತ್ತು. ಹೊಸ ಊರಿನಲ್ಲಿ ಮಗುವಿಗೆ ಶಾಲೆಯೊಂದೇ ಸಾಲದು, ಸಂಜೆ ಆಡಲು ಜೊತೆ ಬೇಕು. ನಡೆದು ಹೋಗುವ ಶಾಲೆಯಲ್ಲಿ ಸಿಗುವ ಗೆಳತಿ ಪಕ್ಕದ ಬೀದಿಯವಳಾಗಿರುತ್ತಾಳೆ. ದೂರದ ಶಾಲೆಯ ಗೆಳತಿ ವ್ಯಾನಿನ ಬಾಗಿಲಲ್ಲೇ ಉಳಿದುಬಿಡುತ್ತಾಳೆ.

ಶಾಲೆಯೊಳಗೆ ಕಾಲಿಟ್ಟಾಗ ಆದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪು ಗುಂಪಾಗಿ ಕೂತಿದ್ದರು. ಮಕ್ಕಳ ಕೈಗೆಟುಕುವ ಎತ್ತರದಲ್ಲಿ ಗೋಡೆಯುದ್ದಕ್ಕೂ ಕಪ್ಪು ಬಳಿದ ಹಲಗೆ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರಿಂದ ಇಳಿಬಿಟ್ಟ ಬಣ್ಣದ ಹಾಳೆಗಳು. ಗೋಡೆ ಪಕ್ಕದ ತಟ್ಟೆಗಳಲ್ಲಿ ಜೋಡಿಸಿಟ್ಟ ಕಾರ್ಡುಗಳು, ಒಂದೊಂದರ ಮೇಲೂ ಸಣ್ಣ ಚಿತ್ರದ ಗುರುತು. ಮಗಳು ನನ್ನ ಸೆರಗು ಬಿಟ್ಟು ಮುಂದೆ ಹೋದಳು. "ಅವ್ವಾ, ನಮ್ಮ ಸಾಲ್ಯಾಗಿನ ಕಾರ್ಡ್ ಇಲ್ಲೂ ಅದಾವ!" ಎಂದಳು.

ಅದು ನಲಿ-ಕಲಿ. 1995ರಲ್ಲಿ ಇಲ್ಲಿಗೆ ಬಹಳ ದೂರವೇನಲ್ಲದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದದ್ದು. ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದ ಸರ್ಕಾರಿ ಶಾಲೆಯ ಮೇಷ್ಟ್ರುಗಳೇ ಕೂತು ಕನ್ನಡದ ಮಕ್ಕಳಿಗೆ ಒಗ್ಗುವಂತೆ ಕಾರ್ಡು, ಹಾಡು, ಆಟ ಮಾಡಿದರು. 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಅದರಲ್ಲಿ ಕಲಿಕೆಗೆ ಏಣಿ ಇದೆ, ಏಣಿಯಲ್ಲಿ ಮೈಲಿಗಲ್ಲುಗಳಿವೆ. ಮಗು ತಾನು ನಿಂತ ಮೆಟ್ಟಿಲಿನಿಂದ ಮುಂದಕ್ಕೆ ಹತ್ತುತ್ತದೆ. ಜ್ವರ ಬಂದು ವಾರ ತಪ್ಪಿಸಿಕೊಂಡರೂ ಬಿಟ್ಟಲ್ಲಿಂದಲೇ ಶುರು. ಈ ಪದ್ಧತಿಯ ಬಗ್ಗೆ ಪರ ವಿರೋಧ ಮಾತುಗಳಿವೆ. ಮೂರು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳುವ ಟೀಚರಿನ ಶ್ರಮ ಸಣ್ಣದಲ್ಲ ಎಂದು ನಾನೂ ಕಣ್ಣಾರೆ ಕಂಡೆ. ಆದರೆ ಊರು ಬದಲಿಸಿ ಬಂದ ಮಗುವಿಗೆ ಇದಕ್ಕಿಂತ ಒಳ್ಳೆಯ ಬಾಗಿಲನ್ನು ನಾನು ನೋಡಿಲ್ಲ. ಟೀಚರು ಅವಳನ್ನು ಪರೀಕ್ಷಿಸಲಿಲ್ಲ. "ಯಾವ ಕಾರ್ಡಿಗೆ ನಿಲ್ಲಿಸಿದ್ದೆ ಕೂಸೆ? ತಗಂಡ್ ಬಾ" ಎಂದರು. ಅವಳು ಹುಡುಕಿ ತಂದಳು. ದಾಖಲಾತಿ ಅಲ್ಲಿಗೇ ಮುಗಿದಂತಾಯಿತು ನನಗೆ. ಮಧ್ಯಾಹ್ನ ಬಿಸಿಯೂಟದ ಸಾಲಿನಲ್ಲಿ ಎಲ್ಲಿ ಕೂರಬೇಕೆಂದು ತಿಳಿಯದೆ ತಟ್ಟೆ ಹಿಡಿದು ನಿಂತಿದ್ದವಳನ್ನು ಮೂರನೇ ತರಗತಿಯ ಹುಡುಗಿಯೊಬ್ಬಳು ಕೈಹಿಡಿದು ಪಕ್ಕಕ್ಕೆ ಎಳೆದುಕೊಂಡಳಂತೆ. ಆಷಾಢದಲ್ಲಿ ಚಾಮರಾಜೇಶ್ವರನ ತೇರಿಗೆ ನಮ್ಮನ್ನು ಕರೆದುಕೊಂಡು ಹೋದದ್ದು ಆ ಹುಡುಗಿಯ ಮನೆಯವರೇ. ಬೇರೆಡೆ ಆಷಾಢದಲ್ಲಿ ನವದಂಪತಿಗಳನ್ನು ಅಗಲಿಸಿಡುತ್ತಾರೆ, ಇಲ್ಲಿ ಅವರು ಜೋಡಿಯಾಗಿ ಬಂದು ತೇರಿಗೆ ಹಣ್ಣು ಜವನ ಎಸೆಯುತ್ತಾರೆ. ಊರಿನ ಈ ಸೊಗಸು ನಮಗೆ ತಿಳಿದದ್ದು ಮಗಳ ತರಗತಿಯ ಮೂಲಕ.

ಮತ್ತೆ ವರ್ಗವಾಗಿ ಗುಂಡ್ಲುಪೇಟೆಗೆ ಹೋಗಬೇಕಾಗಿ ಬಂದದ್ದು ಮಗಳು ನಾಲ್ಕನೇ ತರಗತಿಯಲ್ಲಿದ್ದಾಗ, ಅದೂ ದಸರಾ ರಜೆ ಕಳೆದ ಮೇಲೆ. ತೆರಕಣಾಂಬಿ ದಾಟಿದರೆ ಗುಂಡ್ಲುಪೇಟೆ, ದೂರವೇನಲ್ಲ. ಆದರೆ ವರ್ಷದ ನಡುವೆ ಯಾರು ಸೇರಿಸಿಕೊಳ್ಳುತ್ತಾರೆ ಎಂಬ ಭಯ ಎಲ್ಲರದೂ. ಮಾರ್ಚ್‌ವರೆಗೆ ಬಸ್ಸಿನಲ್ಲಿ ಓಡಾಡಲಿ ಎಂದರು ಕೆಲವರು. ಊರಿಗೆ ಕಳಿಸಿ ಅಜ್ಜಿಯ ಹತ್ತಿರ ಬಿಡಿ ಎಂದರು ಇನ್ನು ಕೆಲವರು. ಒಂಬತ್ತು ವರ್ಷದ ಮಗುವನ್ನು ತಾಯಿಯಿಂದ ಬಿಡಿಸಲು ದಾಖಲಾತಿಯ ದಿನಾಂಕವೊಂದು ಸಾಕಾಗುವುದು ನನಗೆ ಒಪ್ಪಿಗೆಯಾಗಲಿಲ್ಲ. ಅದೇ ಕಾಯ್ದೆಯ 15ನೇ ಕಲಮು ನಮ್ಮ ಕಡೆಗಿತ್ತು: ದಾಖಲಾತಿಯ ಅವಧಿ ಮುಗಿದ ಮೇಲೆ ಬಂದ ಮಗುವಿಗೂ ಇಲ್ಲ ಎನ್ನುವಂತಿಲ್ಲ. 5ನೇ ಕಲಮು ಇನ್ನೂ ಮುಂದೆ ಹೋಗುತ್ತದೆ. ಸರ್ಕಾರಿ ಇಲ್ಲವೇ ಅನುದಾನಿತ ಶಾಲೆಗೆ ವರ್ಗ ಕೇಳುವುದು ಮಗುವಿನ ಹಕ್ಕು, ಕಾರಣ ಏನೇ ಇರಲಿ, ಬಂದದ್ದು ಬೇರೆ ರಾಜ್ಯದಿಂದಲೇ ಇರಲಿ. ಹಳೆಯ ಶಾಲೆಯ ಮುಖ್ಯೋಪಾಧ್ಯಾಯರು ಟಿಸಿಯನ್ನು ತಕ್ಷಣ ಕೊಡಬೇಕು. ಟಿಸಿ ತಡವಾಯಿತೆಂದು ಹೊಸ ಶಾಲೆ ಮಗುವನ್ನು ಕಾಯಿಸುವಂತಿಲ್ಲ. ಜನನ ಪತ್ರ ಇಲ್ಲವೆಂದೂ ವಾಪಸ್ ಕಳಿಸುವಂತಿಲ್ಲ. ಅದು 14ನೇ ಕಲಮು.

ಆದರೆ ನಾನು ಈ ಕಲಮುಗಳನ್ನು ಯಾರ ಮುಂದೆಯೂ ಓದಬೇಕಾಗಲಿಲ್ಲ. ಗುಂಡ್ಲುಪೇಟೆಯ ಆ ಸರ್ಕಾರಿ ಶಾಲೆಯ ಹೆಡ್‌ಮಾಸ್ಟರು ಕನ್ನಡಕ ಮೇಲೆತ್ತಿ ಅವಳನ್ನು ನೋಡಿ, "ಟಿಸಿ ಬರೋಗಂಟ ಮಗು ಮನೇಲ್ಯಾಕ್ ಇರ್ಬೇಕು ಮೇಡಂ? ನಾಳೆಯಿಂದ್ಲೇ ಕಳ್ಸಿ" ಎಂದರು. ಹಳೆಯ ಶಾಲೆಗೆ ತಾವೇ ಫೋನು ಮಾಡಿ ಸ್ಯಾಟ್ಸ್ ಸಂಖ್ಯೆ ಬರೆದುಕೊಂಡರು. ಈಗ ಪ್ರತಿ ಮಗುವಿಗೂ ಅಂಥದೊಂದು ಸಂಖ್ಯೆ ಇದೆ. ಹಳೆಯ ಶಾಲೆ ಕಂಪ್ಯೂಟರಿನಲ್ಲಿ ಹೆಸರು ಬಿಟ್ಟುಕೊಡದೆ ಹೊಸ ಶಾಲೆಯ ಪಟ್ಟಿಗೆ ಏರುವುದಿಲ್ಲ. ಆ ಕೆಲಸ ಶಾಲೆ ಶಾಲೆಗಳ ನಡುವಿನದು, ಮಗು ಅದಕ್ಕಾಗಿ ಹೊರಗೆ ನಿಲ್ಲಬೇಕಾಗಿಲ್ಲ ಎಂದು ಅವರು ನಡೆದುಕೊಂಡ ರೀತಿಯೇ ಹೇಳುತ್ತಿತ್ತು.

ಗುಂಡ್ಲುಪೇಟೆ ಎಂದರೆ ದಾರಿ ಕವಲೊಡೆಯುವ ಊರು. ಮೈಸೂರಿನಿಂದ ಬಂದ ರಸ್ತೆ ಇಲ್ಲಿ ಊಟಿಗೊಂದು, ವಯನಾಡಿಗೊಂದು ಎಂದು ಒಡೆಯುತ್ತದೆ. ಮಳೆಗಾಲದಲ್ಲಿ ರಸ್ತೆಯ ಎರಡೂ ಬದಿ ಚೆಂಡು ಹೂವು ಅರಳಿ ನಿಂತಾಗ ಕೇರಳದವರು ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಹೂವು ಬಿಡಿಸುವವರ, ಶುಂಠಿ ಕೀಳುವವರ, ಕ್ವಾರಿಯಲ್ಲಿ ಕಲ್ಲು ಒಡೆಯುವವರ ಮಕ್ಕಳು ಆ ಫೋಟೊಗಳಲ್ಲಿಲ್ಲ. ಮಗಳ ತರಗತಿಯಲ್ಲಿ ಮನೆಯಲ್ಲಿ ತಮಿಳು ಆಡುವವರಿದ್ದರು, ಮಲಯಾಳ ಆಡುವವರಿದ್ದರು. ಅವಳ ಪಕ್ಕ ಕೂರುತ್ತಿದ್ದ ಹುಡುಗಿ ಡಿಸೆಂಬರಿನಲ್ಲಿ ಬರುವುದು ನಿಲ್ಲಿಸಿದಳು. ಕೊಡಗಿನಲ್ಲಿ ಕಾಫಿ ಕೊಯ್ಲು ಶುರುವಾಗಿತ್ತು, ಅಪ್ಪ ಅಮ್ಮನ ಜೊತೆ ಲೈನುಮನೆಗೆ ಹೋಗಿದ್ದಳು. ಅವಳ ಜಾಗ ಬೇಸಿಗೆವರೆಗೂ ಖಾಲಿಯಿತ್ತು. ಅವಳೂ ಊರು ಬದಲಿಸಿದವಳೇ. ನಮಗೆ ವರ್ಗಾವಣೆಯ ಆದೇಶವಿತ್ತು, ಕಚೇರಿಯಿತ್ತು, ಕೇಳಲು ಬಾಯಿತ್ತು. ಅವಳ ತಾಯಿಗೆ ತೋಟದ ಹತ್ತಿರದ ಶಾಲೆ ಮೂರು ತಿಂಗಳಿಗಾದರೂ ತನ್ನ ಮಗಳನ್ನು ಸೇರಿಸಿಕೊಳ್ಳಲೇಬೇಕು ಎಂದು ಹೇಳಿದವರು ಯಾರೂ ಇರಲಿಲ್ಲ. ಕಾಯ್ದೆಯನ್ನು ಬರೆದದ್ದು ನಿಜವಾಗಿ ಅವಳಿಗಾಗಿ. ಕಲಿಕೆ ಹಿಂದೆ ಬಿದ್ದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಯಲ್ಲೇ ಕೂರಿಸಿ ವಿಶೇಷ ತರಬೇತಿ ಕೊಡಬೇಕೆಂದು 4ನೇ ಕಲಮು ಹೇಳುತ್ತದೆ. ನಮ್ಮಲ್ಲಿ ಚಿಣ್ಣರ ಅಂಗಳ, ಟೆಂಟ್ ಶಾಲೆಗಳು ಬಂದದ್ದು ಇಂಥ ಮಕ್ಕಳಿಗಾಗಿಯೇ.

ಈ ಸೀಮೆಗೆ ಈ ನೋವು ಹೊಸದಲ್ಲ. 1929ರಲ್ಲಿ ಗಾಜನೂರಿನಲ್ಲಿ ಹುಟ್ಟಿದ ಮುತ್ತುರಾಜ, ನಾಟಕದ ಕಂಪನಿಯಲ್ಲಿದ್ದ ಅಪ್ಪನ ಜೊತೆ ಊರೂರು ತಿರುಗಿದವರು. ಅವರ ಓದು ಪ್ರಾಥಮಿಕ ಶಾಲೆಯಲ್ಲೇ ನಿಂತಿತು. ರಾಜ್‌ಕುಮಾರ್ ಆಗಿ ನಾಡಿಗೆಲ್ಲ ಕನ್ನಡ ಕಲಿಸಿದರು ನಿಜ. ಆದರೆ ಕ್ಯಾಂಪಿನಿಂದ ಕ್ಯಾಂಪಿಗೆ ಹೋದ ಎಲ್ಲ ಮಕ್ಕಳಿಗೂ ಆ ಕಂಠ ಇರಲಿಲ್ಲ. ಬಿಳಿಗಿರಿರಂಗನ ಬೆಟ್ಟದ ಕಾಡು 1974ರಲ್ಲಿ ಅಭಯಾರಣ್ಯವಾದಾಗ ಸೋಲಿಗರು ಒಳಗಿನ ನೆಲೆ ಬಿಟ್ಟು ಪೋಡುಗಳೆಂಬ ಹಾಡಿಗಳಿಗೆ ಬಂದರು. ಅವರ ಮಕ್ಕಳಿಗಾಗಿ ಡಾ. ಎಚ್. ಸುದರ್ಶನ್ ಬೆಟ್ಟದ ಮೇಲೆಯೇ ಶಾಲೆ ಮಾಡಿದರು, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಮಕ್ಕಳು ಶಾಲೆಯಿರುವಲ್ಲಿಗೆ ಬರಲೆಂದು ಕಾಯಲಿಲ್ಲ, ಮಕ್ಕಳಿದ್ದಲ್ಲಿಗೆ ಶಾಲೆ ಹೋಯಿತು. ಅಲ್ಲಿ ಓದಿದ ಸೋಲಿಗ ಹುಡುಗ ಸಿ. ಮಾದೇಗೌಡ ಮುಂದೆ ತಮ್ಮ ಜನರಲ್ಲೇ ಮೊದಲ ಡಾಕ್ಟರೇಟ್ ಪಡೆದರು.

ನಿಮ್ಮ ಬೀದಿಗೆ ಈ ವರ್ಷ ಹೊಸಬರು ಬಂದಿದ್ದರೆ, ಅವರು ಬ್ಯಾಂಕಿನವರಾಗಲಿ ಕಟ್ಟಡ ಕೆಲಸದವರಾಗಲಿ, ಹತ್ತಿರದ ಸರ್ಕಾರಿ ಶಾಲೆ ಎಲ್ಲಿದೆ ಎಂದು ತೋರಿಸಿ. ಒಂದು ಬೆಳಿಗ್ಗೆ ಜೊತೆಗೆ ಹೋಗಿ ಬನ್ನಿ. ಕಾಗದ ಇಲ್ಲವೆಂದು ಯಾರಾದರೂ ತಡೆದರೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರನ್ನು ಕಾಣಿ, ಅಲ್ಲಿಯೂ ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಿ. ಮುಖ್ಯೋಪಾಧ್ಯಾಯರಲ್ಲಿ ನನ್ನ ಬೇಡಿಕೆ ಒಂದೇ: ಮಗುವನ್ನು ಮೊದಲು ಒಳಗೆ ಕೂರಿಸಿ, ಟಿಸಿ ಆಮೇಲೆ ತರಿಸಿಕೊಳ್ಳಿ.