ದೂರದ ಕೈ, ಗಡಿಯ ಮಗು

ಬೆಂಗಳೂರಿನಿಂದ ಗುಂತಕಲ್ಲಿನ ಕಡೆಗೆ ಹೊರಟ ರೈಲು ದೊಡ್ಡಬಳ್ಳಾಪುರ, ಗೌರಿಬಿದನೂರುಗಳನ್ನು ದಾಟಿ ಹಿಂದೂಪುರವನ್ನು ಮುಟ್ಟುತ್ತದೆ. ಬೆಲ್ಲ, ಹುಣಿಸೆಹಣ್ಣು, ಒಣಮೆಣಸಿನಕಾಯಿಗಳ ವ್ಯಾಪಾರಕ್ಕೆ ಹೆಸರಾದ ಈ ಊರಿನ ಪೇಟೆಯಲ್ಲಿ ತೆಲುಗಿನ ಜೊತೆಗೆ ಕನ್ನಡವೂ ಕಿವಿಗೆ ಬೀಳುತ್ತದೆ. ಇಲ್ಲಿಂದ ಮಡಕಶಿರಾ, ಪಾವಗಡಗಳ ಮೇಲೆ ಹಾದು ಕಲ್ಯಾಣದುರ್ಗಕ್ಕೆ ಹೋಗುವ ಪ್ರಯಾಣಿಕನು ಒಂದೇ ದಾರಿಯಲ್ಲಿ ಎರಡು ಸಲ ರಾಜ್ಯದ ಗಡಿಯನ್ನು ದಾಟುತ್ತಾನೆ. ಫಲಕಗಳ ಲಿಪಿ ಬದಲಾಗುತ್ತದೆ, ನೆಲ ಬದಲಾಗುವುದಿಲ್ಲ. ಅದೇ ಕೆಮ್ಮಣ್ಣು, ಅದೇ ಬೋಳುಗುಡ್ಡ, ಅದೇ ಕಡಲೆಕಾಯಿಯ ಹೊಲ. 2022ರ ಏಪ್ರಿಲಿನಲ್ಲಿ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಕಲ್ಯಾಣದುರ್ಗವು ಅನಂತಪುರದಲ್ಲಿಯೇ ಉಳಿಯಿತು. ಬರಗಾಲಕ್ಕೆ ಮಾತ್ರ ಈ ಭಾಗಾಂಶ ತಿಳಿಯದು.

ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ. ಅದೂ ಹೇಳಿದ ಹೊತ್ತಿಗೆ ಬಾರದು. ಬಿತ್ತಿದ ಕಾಯಿ ಕೈಗೆ ಹತ್ತದಿದ್ದರೆ ಮನೆಯವರು ಬೆಂಗಳೂರಿಗೆ ಕೂಲಿಗೆ ಹೊರಡುತ್ತಾರೆ. ಆಗ ಮೊದಲು ಮುಚ್ಚುವುದು ಮಗುವಿನ ಪುಸ್ತಕ. ತಮ್ಮನನ್ನು ನೋಡಿಕೊಳ್ಳಬೇಕಾದ ಹುಡುಗಿಯದಾದರೆ ಅದು ಮತ್ತೆ ತೆರೆಯುವುದೇ ಅಪರೂಪ.

ಇಂತಹ ನಾಡಿಗೆ 1969ರಲ್ಲಿ ವಿಸೆಂಟೆ ಫೆರರ್ ಎಂಬುವರು ಬಂದರು. 1920ರಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿ ಹುಟ್ಟಿದ ಇವರು 1952ರಲ್ಲಿ ಜೆಸ್ಯೂಟ್ ಸಂಘದವರಾಗಿ ಭಾರತಕ್ಕೆ ಬಂದು, ಮಹಾರಾಷ್ಟ್ರದ ಮನಮಾಡಿನಲ್ಲಿ ರೈತರೊಡನೆ ದುಡಿದಿದ್ದರು. 1968ರಲ್ಲಿ ದೇಶ ಬಿಡಬೇಕಾಗಿ ಬಂದರೂ ಮರುವರ್ಷವೇ ಹಿಂದಿರುಗಿದರು. 1970ರಲ್ಲಿ ಸಂಘವನ್ನು ತೊರೆದು, ಪತ್ರಕರ್ತೆ ಆನ್ ಪೆರಿ ಅವರನ್ನು ವಿವಾಹವಾದರು. ದಂಪತಿಗಳು ಬೆಳೆಸಿದ ಗ್ರಾಮೀಣಾಭಿವೃದ್ಧಿ ಟ್ರಸ್ಟು ಈ ಭಾಗದಲ್ಲಿ ‘ಆರ್‌ಡಿಟಿ’ ಎಂದೇ ಮನೆಮಾತು. ಫೆರರ್ 2009ರಲ್ಲಿ ಅನಂತಪುರದಲ್ಲಿ ಕಾಲವಾದರು. ಬತ್ತಲಪಲ್ಲಿಯಲ್ಲಿಯೂ ಕಲ್ಯಾಣದುರ್ಗದಲ್ಲಿಯೂ ಟ್ರಸ್ಟಿನ ಆಸ್ಪತ್ರೆಗಳಿವೆ.

ಈ ಕೆಲಸದ ತಳಹದಿ ಸ್ಪೇನಿನ ಸಾಮಾನ್ಯ ಸಂಸಾರಗಳು. ಅಲ್ಲಿನ ಒಂದು ಮನೆ ಇಲ್ಲಿನ ಒಂದು ಮಗುವಿನ ಹೊಣೆಯನ್ನು ಹೊತ್ತು ತಿಂಗಳು ತಿಂಗಳೂ ಒಂದಿಷ್ಟು ಹಣ ಕಳುಹಿಸುತ್ತದೆ. ಅದು ಒಂದೇ ಮನೆಯ ಕೈಸೇರುವುದಿಲ್ಲವೆಂಬುದು ಗಮನಿಸತಕ್ಕ ಸಂಗತಿ. ಹಣವನ್ನು ಒಟ್ಟುಗೂಡಿಸಿ ಊರಿನ ಪಾಠದ ಮನೆಗೆ, ವಾಸದ ಮನೆಗಳಿಗೆ, ಚಿಕಿತ್ಸೆಗೆ, ನೀರಿಗೆ ವಿನಿಯೋಗಿಸುತ್ತಾರೆ. ಮಗುವಿನ ಪಾಲಿಗೆ ಉಳಿಯುವುದು ಪತ್ರ ಮತ್ತು ಬಣ್ಣದ ಚಿತ್ರ. ಹೆಸರು ಒಬ್ಬ ಮಗುವಿನದು, ಫಲ ಊರಿನದು. ಹಾಗಲ್ಲದೆ ಒಬ್ಬನಿಗೆ ಹೊಸ ಅಂಗಿ ಬಂದು, ಪಕ್ಕದ ಮನೆಯ ಹುಡುಗ ನೋಡುತ್ತ ನಿಂತಿದ್ದರೆ, ಉಪಕಾರವೇ ಕೇರಿಯಲ್ಲಿ ಹಗೆಯನ್ನು ಬಿತ್ತುತ್ತಿತ್ತು.

ಪರರ ಮಕ್ಕಳನ್ನು ಓದಿಸುವುದು ನಮಗೆ ಹೊಸದೇನಲ್ಲ. ದಿನಕ್ಕೊಂದು ಮನೆಯಲ್ಲಿ ಉಂಡು ಓದಿದ ವಾರಾನ್ನದ ಹುಡುಗರ ಕಥೆಯನ್ನು ಹಿರಿಯರಿಂದ ಕೇಳದವರು ಯಾರು? ಸಿದ್ಧಗಂಗೆಯ ದಾಸೋಹವು ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡಿದೆ. ಆದರೆ ವಾರಾನ್ನದ ಎಲೆ ಸಾಮಾನ್ಯವಾಗಿ ಜಾತಿಯನ್ನು ಕೇಳಿಯೇ ಬೀಳುತ್ತಿತ್ತು. ಅನಂತಪುರದಲ್ಲಿ ಆರ್‌ಡಿಟಿ ಮುಖ್ಯವಾಗಿ ಅರಸಿ ಹೋದದ್ದು ಆ ಎಲೆಯ ಹತ್ತಿರಕ್ಕೂ ಸೇರಿಸದ ದಲಿತರ, ಗಿರಿಜನರ ಕೇರಿಗಳನ್ನು. ಇದೇ ಅದರ ಹಿರಿಮೆ.

ಇದರಿಂದ ಪ್ರಯೋಜನವುಂಟೇ ಎಂದು ಕೇಳುವವರಿಗೆ ಒಂದು ಉತ್ತರವಿದೆ. ಬೇರೊಂದು ಸಂಸ್ಥೆಯಾದ ಕಂಪ್ಯಾಷನ್ ಇಂಟರ್‌ನ್ಯಾಷನಲ್‌ನ ನೆರವು ಪಡೆದವರ ಕುರಿತ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಮಾಯಾ ಜನರ ನಾಡಾದ ಗ್ವಾಟೆಮಾಲಾ, ನಮ್ಮ ಭಾರತವೂ ಸೇರಿ ಆರು ದೇಶಗಳ 10,000ಕ್ಕೂ ಹೆಚ್ಚು ಮಂದಿಯನ್ನು ಅದು ಪರಿಶೀಲಿಸಿತು. ಹೀಗೆ ನೆರವು ಪಡೆದ ಮಕ್ಕಳು ಸರಾಸರಿ ಒಂದರಿಂದ ಒಂದೂವರೆ ವರ್ಷ ಹೆಚ್ಚು ಓದಿದ್ದರು. ಮಡಕಶಿರೆಯ ಹುಡುಗಿಯೊಬ್ಬಳಿಗೆ ಆ ಒಂದು ವರ್ಷವೆಂದರೆ ಹತ್ತನೆಯ ತರಗತಿಯ ಹೊಸ್ತಿಲನ್ನು ದಾಟುವುದೋ ದಾಟದಿರುವುದೋ ಎಂಬಷ್ಟು ಅಂತರ.

ಆದರೂ ದೂರದ ಕೈಗೆ ತನ್ನದೇ ಅಪಾಯವಿದೆ. ಅದೇ ಕಂಪ್ಯಾಷನ್ ಸಂಸ್ಥೆ, ವಿದೇಶಿ ಹಣದ ಕಟ್ಟಳೆಗಳ ಕಾರಣದಿಂದ, 2017ರಲ್ಲಿ ಭಾರತದ ಕೆಲಸವನ್ನು ಮುಚ್ಚಿತು. 2025ರಲ್ಲಿ ಆರ್‌ಡಿಟಿಯ ವಿದೇಶಿ ಹಣದ ಪರವಾನಗಿಯ ನವೀಕರಣದ ಪ್ರಶ್ನೆ ಎದ್ದಾಗ ಅನಂತಪುರದ ಜನ ಬೀದಿಗಿಳಿದರು. ಎಲ್ಲಿಯೋ ಒಂದು ಕಾಗದಕ್ಕೆ ಮೊಹರು ಬೀಳದಿದ್ದರೆ ಇಲ್ಲಿಯ ಮಗುವಿನ ಓದು ಅಲುಗಾಡುತ್ತದೆ.

ಇನ್ನೊಂದು ಮಾತು ನಮಗೇ ಸೇರಿದ್ದು. ಈ ಗಡಿಯ ಹಲವು ಮನೆಗಳಲ್ಲಿ ತಾಯಿಯ ನುಡಿ ಕನ್ನಡ, ಹೊರಗಿನ ವ್ಯವಹಾರ ತೆಲುಗು. ಅಂತಹ ಮನೆಯ ಮಗು ಸ್ಪೇನಿಗೆ ಬರೆದರೆ ಅದರ ಮಾತು ಭಾಷೆಯಿಂದ ಭಾಷೆಗೆ ದಾಟುತ್ತ, ಭಾಷಾಂತರಕಾರರ ಕೈಹಿಡಿದು ಹೋಗಬೇಕು. ನಮಗಾದರೋ ಆ ಮಗುವಿನ ಮಾತು ನೇರವಾಗಿ ತಿಳಿಯುತ್ತದೆ. ಅದರ ಊರಿನ ಜಾತ್ರೆ, ಅದರ ಹೊಲದ ಬೆಳೆ ನಮಗೆ ಗೊತ್ತು. ಸಮುದ್ರದಾಚೆಯವರು ಕಂಡ ಮಗುವನ್ನು ಬಸ್ಸಿನ ದೂರದಲ್ಲಿರುವ ನಾವು ಕಾಣದೆ ಹೋಗಬಾರದು. ಗಡಿಯಾಚೆ ಈಚೆ ನೆಲೆಸಿರುವ ಒಂದೊಂದು ಕನ್ನಡ ಸಂಸಾರವೂ ಪರರ ಒಂದು ಮಗುವಿನ ಓದಿಗೆ ಹೆಗಲು ಕೊಟ್ಟರೆ, ಜಾತಿ ಕೇಳದ ಹೊಸ ವಾರಾನ್ನವೊಂದು ಈ ಕೆಮ್ಮಣ್ಣಿನಲ್ಲಿಯೇ ಬೇರೂರೀತು.