ಜೋಡಿ ಕಿಟಕಿ

ಇಟ್ಟ ವಸ್ತು ಇಟ್ಟಲ್ಲೇ ಸಿಗುವುದು ಸಂಸಾರದ ಅರ್ಧ ಸುಖ. ಈ ಮಾತನ್ನು ಯಾವ ಗ್ರಂಥವೂ ಹೇಳಬೇಕಾಗಿಲ್ಲ, ಒಲೆಯ ಮುಂದೆ ನಿಂತ ಹೆಂಗಸರೆಲ್ಲ ಬಲ್ಲರು. ಸಾಸಿವೆ ಡಬ್ಬಿಯಲ್ಲಿ ಮೆಂತ್ಯ ಸಿಕ್ಕರೆ ಒಗ್ಗರಣೆ ಮಾತ್ರ ಕೆಡುತ್ತದೆ. ಶಾಲೆಯ ದಾಖಲೆ ಕಳೆದರೆ ಒಂದು ಮಗುವಿನ ಅನ್ನವೇ ತಪ್ಪಬಹುದು.

ವಿಜಯನಗರದ ಒಂದು ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತಲೇ ಕೂದಲು ನೆರೆಸಿಕೊಂಡವಳು ನಾನು. ಈಗ ತರಗತಿಯಲ್ಲಿ ಮಕ್ಕಳಿಗಿಂತ ಬೆಂಚುಗಳೇ ಹೆಚ್ಚು. ಆದರೆ ಹಳೆಯ ವಿದ್ಯಾರ್ಥಿಗಳು ಬರುವುದು ನಿಂತಿಲ್ಲ. ಸರ್ಕಾರಿ ನೇಮಕಾತಿಯಲ್ಲಿ ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5ರ ಮೀಸಲಾತಿ ಇದೆಯಲ್ಲ, ಅದರ ಪ್ರಮಾಣಪತ್ರಕ್ಕೆ ಬರುತ್ತಾರೆ. "ಮಿಸ್, ಅರ್ಜಿಗೆ ನಾಳೆಯೇ ಕೊನೇ ದಿನ" ಎನ್ನುತ್ತಾರೆ. ಎರಡು ದಿನ ಮುಂಚೆ ಬಂದವರನ್ನು ನಾನು ಇದುವರೆಗೆ ಕಂಡಿಲ್ಲ! ದಾಖಲಾತಿ ಪುಸ್ತಕಗಳೋ, ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತವೆ. ಅದಕ್ಕೇ ಪುಟಪುಟವನ್ನೂ ಸ್ಕ್ಯಾನ್ ಮಾಡಿಸಿ ಒಂದು ಪ್ರತಿಯನ್ನು ಕಚೇರಿಯ ಕಂಪ್ಯೂಟರಿನಲ್ಲಿ, ಇನ್ನೊಂದನ್ನು ಪೆನ್‌ಡ್ರೈವಿನಲ್ಲಿ ಇಟ್ಟೆವು.

ಎರಡೂ ಪ್ರತಿ ಒಂದೇ ಎಂದು ತಿಳಿಯುವುದು ಹೇಗೆ? ವಿಂಡೋಸಿನಲ್ಲಿ ಕಡತ ತೋರಿಸುವ ಎಕ್ಸ್‌ಪ್ಲೋರರ್ 1995ರಿಂದ ಇದೆ, 2022ರಲ್ಲಿ ಅದಕ್ಕೆ ಟ್ಯಾಬುಗಳೂ ಬಂದವು. ಎರಡು ಕಿಟಕಿ ತೆರೆದು ಪಕ್ಕಪಕ್ಕ ಇಡಬಹುದು, ನಿಜ. ಆದರೆ ಯಾವುದರಲ್ಲಿ ಏನಿಲ್ಲ ಎಂದು ಹುಡುಕುವ ಕೆಲಸ ನಮ್ಮ ಕಣ್ಣಿನದೇ. ಐವತ್ತು ದಾಟಿದ ಕಣ್ಣಿಗೆ ಅದು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ.

ಬೇರೊಂದು ತಂತ್ರಾಂಶ ಹುಡುಕಲು ಹೊರಟೆ. ಜೋಡಿ ಕಿಟಕಿಯ ಈ ವಂಶದಲ್ಲಿ ಹೆಸರಾದ ಹಿರಿಯ, 1986ರ ನಾರ್ಟನ್ ಕಮಾಂಡರ್. ಎಡಕ್ಕೊಂದು ಪಟ್ಟಿ, ಬಲಕ್ಕೊಂದು ಪಟ್ಟಿ. ಎಫ್5 ಒತ್ತಿದರೆ ಈ ಕಡೆಯದರ ಪ್ರತಿ ಆ ಕಡೆಗೆ, ಎಫ್6 ಒತ್ತಿದರೆ ಕಡತವೇ ಆ ಕಡೆಗೆ. ಅದರ ಸಂತಾನ ದೊಡ್ಡದು. ಸ್ವಿಟ್ಜರ್ಲೆಂಡಿನ ಕ್ರಿಶ್ಚಿಯನ್ ಗಿಸ್ಲರ್ 1993ರಲ್ಲಿ ತಂದ ವಿಂಡೋಸ್ ಕಮಾಂಡರ್ 2002ರಲ್ಲಿ ಟೋಟಲ್ ಕಮಾಂಡರ್ ಆಯಿತು. ಒಂದು ತಿಂಗಳು ಬಳಸಿ, ಮೆಚ್ಚಿದರೆ ಹಣ ಕೊಡಬೇಕು. ಕೊಡುವತನಕ ತೆರೆದಾಗಲೆಲ್ಲ ಒಂದು, ಎರಡು, ಮೂರರಲ್ಲಿ ತಾನು ಹೇಳಿದ ಗುಂಡಿ ಒತ್ತಿ ಎನ್ನುತ್ತದೆ, ಸಾಲ ಕೊಟ್ಟ ಅಂಗಡಿಯವರು ಬೀದಿಯಲ್ಲಿ ಕಂಡು ಮುಗುಳ್ನಕ್ಕಂತೆ. ಆಸ್ಟ್ರೇಲಿಯದ ಡೈರೆಕ್ಟರಿ ಓಪಸ್‌ನ ಸೌಕರ್ಯಗಳು ಅನೇಕ; ಅದೂ ಹಣ ಕೊಟ್ಟು ಕೊಳ್ಳುವಂಥದು.

ಕೊನೆಗೆ ನಿಂತದ್ದು ಡಬಲ್ ಕಮಾಂಡರ್ ಬಳಿ. ಉಚಿತ, ಅದರ ಮೂಲ ಸಂಕೇತವೂ ಎಲ್ಲರಿಗೆ ಮುಕ್ತ. "ಪುಕ್ಕಟೆ ಬಂದದ್ದಕ್ಕೆ ಬೆಲೆ ಇರೋದಿಲ್ಲ ಕಣೇ" ಎಂದರು ನಮ್ಮವರು. "ನಮ್ಮ ಶಾಲೆ ಪಾಠವೂ ಪುಕ್ಕಟೆಯೇ ಅಲ್ವೇನ್ರೀ" ಎಂದೆ. ಪತ್ರಿಕೆ ಮೇಲೆತ್ತಿ ಮುಖ ಮುಚ್ಚಿಕೊಂಡರು.

ಆದರೂ ಪರೀಕ್ಷೆ ಮಾಡದೆ ಪಾಸು ಮಾಡುವ ಅಭ್ಯಾಸ ನನಗಿಲ್ಲ. ಮೊದಲನೆಯ ಪ್ರಶ್ನೆ: ಕಡತಕ್ಕೆ ಕನ್ನಡದಲ್ಲಿ ಹೆಸರಿಟ್ಟರೆ ಕನ್ನಡವಾಗಿಯೇ ಕಾಣುತ್ತದೆಯೇ? ಯೂನಿಕೋಡ್ ಒಪ್ಪುವುದರಿಂದ ಒತ್ತಕ್ಷರವೂ ಜಾರದೆ ಕಂಡಿತು. ಎರಡನೆಯದು ಹೋಲಿಕೆ. ಹೆಸರು, ಗಾತ್ರ, ದಿನಾಂಕ ನೋಡಿ, ಬೇಕೆಂದರೆ ಒಳಗಿನ ವಿಷಯವನ್ನೂ ನೋಡಿ, ಕೊರತೆಯಿದ್ದ ಕಡೆ ಬಾಣದ ಗುರುತು ತೋರಿಸುತ್ತದೆ. ತೋರಿಸಿಯೇ ಬಿಟ್ಟಿತು: 2003-04ರ ಪುಸ್ತಕದ ನಲವತ್ತು ಪುಟಗಳು ಪೆನ್‌ಡ್ರೈವಿನಲ್ಲಿರಲಿಲ್ಲ! ಅಗರಬತ್ತಿ ಹೊಸೆಯುವ ತಾಯಂದಿರ, ಗಾರ್ಮೆಂಟ್ಸ್ ಕೆಲಸದವರ ಮಕ್ಕಳ ಹೆಸರುಗಳು ಆ ಪುಟಗಳಲ್ಲಿದ್ದವು. ಎಲ್ಲವನ್ನೂ ಗುರುತು ಮಾಡಿ ಎಫ್5 ಒತ್ತಿದೆ.

ಪ್ರಮಾಣಪತ್ರಕ್ಕೆ ಆಧಾರ ಮೂಲ ಪುಸ್ತಕವೇ. ಯಾವ ಪುಟ ತೆರೆಯಬೇಕೆಂದು ಪರದೆ ಹೇಳುತ್ತದೆ, ಅಷ್ಟೆ. ಆ ಪುಟ ಪುಡಿಯಾದ ದಿನ ಮಾತ್ರ ಈ ಚಿತ್ರವೊಂದೇ ಸಾಕ್ಷಿ.

ನನ್ನ ನಿವೃತ್ತಿಗೆ ಇನ್ನೆರಡು ವರ್ಷ. ಪ್ರತಿಯೊಂದು ಕೋಶಕ್ಕೂ ಮೊದಲು ಇಸವಿ, ಆಮೇಲೆ ತರಗತಿ ಬರುವಂತೆ ಹೆಸರಿಡುತ್ತಿದ್ದೇನೆ. ಹೊಸದಾಗಿ ಬಂದಿರುವ ಹುಡುಗಿ ಟೀಚರಿಗೆ ಎಫ್5, ಎಫ್6ರ ವ್ಯತ್ಯಾಸ ಎರಡೆರಡು ಬಾರಿ ಹೇಳಿಕೊಟ್ಟಿದ್ದೇನೆ. ಮುಂದೆ ಆ ಕುರ್ಚಿಯಲ್ಲಿ ಕೂರುವವರಿಗೆ ನಾನು ಯಾರೆಂದು ತಿಳಿದಿರಬೇಕಾಗಿಲ್ಲ. ಸಂಜೆ ನಾಲ್ಕು ಗಂಟೆಗೆ ಏದುಸಿರು ಬಿಡುತ್ತ ಬಂದ ಹುಡುಗನ ಹೆಸರು ಸಿಕ್ಕರೆ ಸಾಕು.